ಮೈಕೇಲ್ ಫಾಸ್ಟರನೂ ಕೇಂಬ್ರಿಜ್ಜಿನ ಶರೀರಕ್ರಿಯಾಶಾಸ್ತ್ರ ಪರಂಪರೆಯೂ

೧

ಶರೀರಕ್ರಿಯಾಶಾಸ್ತ್ರದ ಯಾವ ಪಠ್ಯಗ್ರಂಥವನ್ನು ತೆರೆದರೂ ವಿಜ್ಞಾನಿಗಳ ಹೆಸರುಗಳು ಅಡಿಗಡಿಗೂ ಎದುರಾಗುತ್ತವೆ. ರಕ್ತಪರಿಚಲನೆಯೆಂದರೆ ಹಾರ್ವೆ, ಹೃದಯದ ನಿಯಮವೆಂದರೆ ಸ್ಟಾರ್ಲಿಂಗ್, ಜೀರ್ಣಗ್ರಂಥಿಗಳೆಂದರೆ ಪಾವ್‌ಲೋವ್. ಮೈಕೇಲ್ ಫಾಸ್ಟರನ ಹೆಸರು ಹೀಗೆ ಯಾವ ನಿಯಮಕ್ಕಾಗಲಿ, ಯಾವ ಅಂಗಕ್ಕಾಗಲಿ, ಯಾವ ಉಪಕರಣಕ್ಕಾಗಲಿ ಅಂಟಿಕೊಂಡಿಲ್ಲ. ಆದರೂ ೧೮೭೦ರಿಂದ ೧೯೦೩ರ ವರೆಗಿನ ಮೂವತ್ತಮೂರು ವರ್ಷಗಳ ಕಾಲ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಆತನು ನಡೆಸಿದ ಅಧ್ಯಾಪನ ಕಾರ್ಯವಿಲ್ಲದಿದ್ದರೆ, ಇಂಗ್ಲೆಂಡಿನಲ್ಲಿ ಆ ಶಾಸ್ತ್ರದ ಚರಿತ್ರೆಯೇ ಬೇರೆಯಾಗುತ್ತಿತ್ತೆಂಬುದರಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವಿಲ್ಲ.

ವಿಶ್ವವಿದ್ಯಾಲಯಗಳು ಅಧ್ಯಾಪಕನ ಯೋಗ್ಯತೆಯನ್ನು ಆತನು ಪ್ರಕಟಿಸಿದ ಸಂಶೋಧನೆಗಳಿಂದ ಅಳೆಯುವುದು ರೂಢಿ. ಈ ಅಳತೆಗೋಲಿನಿಂದ ನೋಡಿದರೆ ಫಾಸ್ಟರನು ಎರಡನೆಯ ಪಂಕ್ತಿಯವನು. ಆತನ ಸ್ವಂತ ಸಂಶೋಧನೆ ಅಲ್ಪ. ಅದೂ ನಲವತ್ತರ ವಯಸ್ಸಿನ ವೇಳೆಗೆ ಬಹುಮಟ್ಟಿಗೆ ನಿಂತುಹೋಯಿತು. ಆದರೆ ಆತನ ಶಿಷ್ಯರ ಸಂಶೋಧನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆತನಿಗೆ ಸಮಾನನಾದ ಇನ್ನೊಬ್ಬ ಆಂಗ್ಲ ಶರೀರಕ್ರಿಯಾಶಾಸ್ತ್ರಜ್ಞನು ದೊರೆಯುವುದು ಕಷ್ಟ. ಈ ಎರಡು ಸಂಗತಿಗಳಿಗೂ ಇರುವ ಸಂಬಂಧವೇನು? ತನ್ನ ಸಂಶೋಧನೆ ಸಾಗದೆಹೋದುದರಿಂದ ಆತನು ಅಧ್ಯಾಪನಕ್ಕೆ ಸರಿದನೆ, ಅಥವಾ ಶಿಷ್ಯರಿಗಾಗಿ ಸಂಶೋಧನೆಯನ್ನು ಬಿಟ್ಟುಕೊಟ್ಟನೆ? ಫಾಸ್ಟರನ ಜೀವನದ ವಿವರಗಳು ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ.

೨

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಶರೀರಕ್ರಿಯಾಶಾಸ್ತ್ರದ ತವರು ಜರ್ಮನಿ ಮತ್ತು ಫ್ರಾನ್ಸ್. ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್, ಬರ್ಲಿನ್ನಿನಲ್ಲಿ ದು ಬ್ವಾ-ರೇಮೊಂಡ್, ವಿಯೆನ್ನಾದಲ್ಲೂ ೧೮೬೫ರಿಂದಾಚೆಗೆ ಲೈಪ್ಸಿಗ್‌ನಲ್ಲೂ ಕಾರ್ಲ್ ಲುಡ್ವಿಗ್ ಇವರು ಪ್ರಯೋಗಶಾಲೆಗಳಲ್ಲಿ ಕುಳಿತು ಹೊಸ ಶಾಸ್ತ್ರವನ್ನು ಕಟ್ಟುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ವಿಷಯವು ಅಂಗರಚನಾಶಾಸ್ತ್ರದ ಬಾಲವಾಗಿ ಉಳಿದಿತ್ತು. ವೈದ್ಯವೃತ್ತಿಯ ಬಿಡುವಿನ ವೇಳೆಯಲ್ಲಿ ವೈದ್ಯರು ಅದನ್ನು ಬೋಧಿಸುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ೧೮೩೬ರಿಂದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಷಾರ್ಪಿ ಮಹಾ ಪಂಡಿತ. ಆದರೆ ಆತನ ಬೋಧನೆಯೂ ಮಾತಿನ ಬೋಧನೆಯೇ. ಲುಡ್ವಿಗನು ರಚಿಸಿದ, ರಕ್ತದ ಒತ್ತಡವನ್ನು ತಿರುಗುವ ಉರುಳೆಯ ಮೇಲೆ ಗೀಚುವ ಯಂತ್ರವನ್ನು ವಿವರಿಸಬೇಕಾದಾಗ ಷಾರ್ಪಿಯು ತನ್ನ ಉದ್ದನೆಯ ಟೋಪಿಯನ್ನು ಮೇಜಿನ ಮೇಲಿಟ್ಟು ಮೆಲ್ಲನೆ ತಿರುಗಿಸಿ ತೋರಿಸುತ್ತಿದ್ದನೆಂದು ಆತನ ಶಿಷ್ಯನಾದ ಷೇಫರನು ಹೇಳಿದ್ದಾನೆ. ಯಂತ್ರವಿಲ್ಲದ ಶಾಸ್ತ್ರದ ಸ್ಥಿತಿಗೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇಕಾಗಿಲ್ಲ.

ಫಾಸ್ಟರನು ೧೮೩೬ರ ಮಾರ್ಚ್ ೮ರಂದು ಹಂಟಿಂಗ್ಡನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿನ ಶಸ್ತ್ರವೈದ್ಯ. ಮನೆತನ ಬ್ಯಾಪ್ಟಿಸ್ಟ್ ಪಂಥದ್ದು. ಕೇಂಬ್ರಿಜ್ ನಗರವು ಹಂಟಿಂಗ್ಡನ್ನಿಗೆ ಸಮೀಪದಲ್ಲೇ ಇದೆ. ಆದರೆ ಆಂಗ್ಲಿಕನ್ ಚರ್ಚಿಗೆ ಸೇರದವರಿಗೆ ಆ ವಿಶ್ವವಿದ್ಯಾಲಯದ ಫೆಲೋ ಪದವಿ ನಿಷಿದ್ಧವಾಗಿತ್ತು. ಈ ಧಾರ್ಮಿಕ ಪರೀಕ್ಷೆಗಳನ್ನು ಕಾನೂನು ರದ್ದುಮಾಡಿದುದು ೧೮೭೧ರಲ್ಲಿ. ಆದಕಾರಣ ಬುದ್ಧಿವಂತನಾದ ಈ ಬಾಲಕನು ಸಮೀಪದ ವಿದ್ಯಾಪೀಠವನ್ನು ಬಿಟ್ಟು, ಮತಭೇದವೆಣಿಸದ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಬೇಕಾಯಿತು. ಅಲ್ಲಿ ೧೮೫೪ರಲ್ಲಿ ಗ್ರೀಕ್ ಲ್ಯಾಟಿನ್‌ಗಳಲ್ಲಿ ವಿಶೇಷ ಮನ್ನಣೆಯೊಡನೆ ಬಿ.ಎ. ಪದವಿಯನ್ನೂ, ೧೮೫೯ರಲ್ಲಿ ಎಂ.ಡಿ. ಪದವಿಯನ್ನೂ ಪಡೆದನು. ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಪರಿಷತ್ತಿನ ಮುಂದೆ ಬಸವನಹುಳುವಿನ ಹೃದಯವನ್ನು ಕುರಿತ ಚಿಕ್ಕ ಪ್ರಬಂಧವೊಂದನ್ನು ಮಂಡಿಸಿದನು. ಆ ಹೃದಯವನ್ನು ತುಂಡುತುಂಡಾಗಿ ಕತ್ತರಿಸಿದರೂ ಪ್ರತಿಯೊಂದು ತುಂಡೂ ಲಯಬದ್ಧವಾಗಿ ಮಿಡಿಯುತ್ತದೆಂಬುದು ಅದರ ಸಾರ. ಇಪ್ಪತ್ತಮೂರು ವಯಸ್ಸಿನ ತರುಣನ ಈ ಚಿಕ್ಕ ಅವಲೋಕನದಲ್ಲಿ ಮುಂದಿನ ಒಂದು ಮಹಾಸಂಶೋಧನೆಯ ಬೀಜವಿತ್ತು.

ಬೀಜ ಮೊಳೆಯಲು ನೆಲವಿರಲಿಲ್ಲ. ಸಂಶೋಧನೆಯಿಂದ ಹೊಟ್ಟೆ ಹೊರೆಯುವ ದಾರಿ ಆಗ ಇಂಗ್ಲೆಂಡಿನಲ್ಲಿರಲಿಲ್ಲ. ಆರೋಗ್ಯ ಕೆಟ್ಟಿದ್ದುದರಿಂದ ಹಡಗಿನ ವೈದ್ಯನಾಗಿ ಕೆಂಪು ಸಮುದ್ರದ ವರೆಗೆ ಹೋಗಿಬಂದ ಫಾಸ್ಟರನು ತಂದೆಯೊಡನೆ ಹಂಟಿಂಗ್ಡನ್ನಿನಲ್ಲಿ ಕೆಲವು ವರ್ಷ ವೈದ್ಯವೃತ್ತಿಯನ್ನು ನಡೆಸಿದನು. ೧೮೬೭ರಲ್ಲಿ ಹಳೆಯ ಗುರು ಷಾರ್ಪಿಯಿಂದ ಕರೆ ಬಂದಿತು: ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಪ್ರಯೋಗಸಮೇತ ಬೋಧಿಸಬೇಕು. ಫಾಸ್ಟರನು ವೈದ್ಯವೃತ್ತಿಯನ್ನು ಬಿಟ್ಟು ಲಂಡನ್ನಿಗೆ ಹೊರಟನು. ಟೋಪಿಯನ್ನು ತಿರುಗಿಸಿ ಪಾಠ ಹೇಳಿದ ಗುರುವು ತನ್ನಿಂದಾಗದ ಕಾರ್ಯವನ್ನು ಶಿಷ್ಯನಿಂದ ಮಾಡಿಸಲು ಮುಂದಾದುದು ಷಾರ್ಪಿಯ ದೊಡ್ಡತನ. ಈ ಪಾಠವನ್ನು ಫಾಸ್ಟರನು ಮರೆಯಲಿಲ್ಲ.

೩

ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು ೧೮೭೦ರಲ್ಲಿ ಶರೀರಕ್ರಿಯಾಶಾಸ್ತ್ರಕ್ಕೆ ಪ್ರೀಲೆಕ್ಟರ್ ಎಂಬ ಉಪನ್ಯಾಸಕ ಹುದ್ದೆಯೊಂದನ್ನು ಸೃಷ್ಟಿಸಿತು. ಕಾಲೇಜಿನ ಒಳಗೆ ಕೌಟ್ಸ್ ಟ್ರಾಟರ್ ಮೊದಲಾದ ಸುಧಾರಣಾವಾದಿಗಳು ಇದಕ್ಕಾಗಿ ಶ್ರಮಿಸಿದರು. ಹೊರಗಿನಿಂದ ಥಾಮಸ್ ಹೆನ್ರಿ ಹಕ್ಸ್‌ಲಿಯ ಬೆಂಬಲವಿತ್ತು. ಆಯ್ಕೆಯಾದವನು ಫಾಸ್ಟರ್. ಹದಿನಾರು ವರ್ಷಗಳ ಹಿಂದೆ ಧರ್ಮದ ಕಾರಣದಿಂದ ಯಾವ ವಿದ್ಯಾಪೀಠದ ಬಾಗಿಲು ಆತನಿಗೆ ಮುಚ್ಚಿತ್ತೊ ಅದೇ ವಿದ್ಯಾಪೀಠವು ಈಗ ಆತನನ್ನು ಅಧ್ಯಾಪಕನಾಗಿ ಬರಮಾಡಿಕೊಂಡಿತು. ಆದರೆ ಬರಮಾಡಿಕೊಂಡುದು ಒಂದು ಕಾಲೇಜು ಮಾತ್ರ. ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರಕ್ಕೆ ಪೀಠವಿರಲಿಲ್ಲ, ಪ್ರಯೋಗಶಾಲೆಯಿರಲಿಲ್ಲ. ಎರವಲು ಪಡೆದ ಇಕ್ಕಟ್ಟಾದ ಸ್ಥಳದಲ್ಲಿ ಕೆಲಸ ಆರಂಭವಾಯಿತು. ವಿಶ್ವವಿದ್ಯಾಲಯವು ಆತನಿಗೆ ಪ್ರಾಧ್ಯಾಪಕ ಪೀಠವನ್ನು ಕೊಟ್ಟುದು ೧೮೮೩ರಲ್ಲಿ, ಅಂದರೆ ಆತನ ಶಿಷ್ಯರ ಕೀರ್ತಿ ಯೂರೋಪಿನಲ್ಲಿ ಹಬ್ಬಿದ ಮೇಲೆ.

ಫಾಸ್ಟರನ ಬೋಧನಾಕ್ರಮದ ತಿರುಳು ಸರಳವಾದುದು. ಉಪನ್ಯಾಸದಲ್ಲಿ ಕೇಳಿದ ವಿಷಯವನ್ನು ವಿದ್ಯಾರ್ಥಿಯು ತನ್ನ ಕೈಯಾರೆ ಪ್ರಯೋಗ ಮಾಡಿ ನೋಡಬೇಕು. ಅಧ್ಯಾಪಕನು ಎತ್ತರದ ಮೇಜಿನ ಮೇಲೆ ಮಾಡಿ ತೋರಿಸುವುದು, ವಿದ್ಯಾರ್ಥಿಗಳು ದೂರದಿಂದ ನೋಡುವುದು ಎಂಬ ಹಳೆಯ ಕ್ರಮವನ್ನು ಆತನು ಸಾಕೆನ್ನಲಿಲ್ಲ. ೧೮೭೧ರಲ್ಲಿ ಹಕ್ಸ್‌ಲಿಯು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲಾ ಅಧ್ಯಾಪಕರಿಗೆಂದು ಜೀವಶಾಸ್ತ್ರದ ಬೇಸಗೆ ತರಗತಿಯನ್ನು ಏರ್ಪಡಿಸಿದಾಗ ಫಾಸ್ಟರನು ಅಲ್ಲಿ ಸಹಾಯಕನಾಗಿ ದುಡಿದನು. ಆಯ್ದ ಕೆಲವೇ ಜೀವಿಗಳನ್ನು ತೆಗೆದುಕೊಂಡು ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದ ಕೆಳಗೂ ಕತ್ತಿಯ ಕೆಳಗೂ ಪೂರ್ತಿಯಾಗಿ ಪರೀಕ್ಷಿಸುವ ಆ ವಿಧಾನವನ್ನು ೧೮೭೩ರಲ್ಲಿ ಕೇಂಬ್ರಿಜ್ಜಿಗೂ ತಂದನು. ಶರೀರಕ್ರಿಯಾಶಾಸ್ತ್ರಕ್ಕೆ ಬರುವ ಮುನ್ನ ವಿದ್ಯಾರ್ಥಿಗೆ ಜೀವಶಾಸ್ತ್ರದ ತಳಹದಿ ಬೇಕೆಂಬುದು ಆತನ ಖಚಿತವಾದ ಅಭಿಪ್ರಾಯ. ಕೇಂಬ್ರಿಜ್ ಪಂಥವು ಜರ್ಮನಿಯ ಪಂಥಗಳಿಂದ ಬೇರೆಯಾದುದು ಇಲ್ಲಿಯೇ. ಲುಡ್ವಿಗನ ಗೆಳೆಯರು ಶರೀರವನ್ನು ಭೌತ ರಸಾಯನ ನಿಯಮಗಳ ಯಂತ್ರವೆಂದು ನೋಡಿದರು. ಫಾಸ್ಟರನು ಅದನ್ನು ವಿಕಾಸಗೊಂಡ ಜೀವಿಯೆಂದು ನೋಡಲು ಕಲಿಸಿದನು. ಬಸವನಹುಳು, ಕಪ್ಪೆ, ಆಮೆಗಳ ಹೃದಯಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಆಲೋಚಿಸುವ ಅಭ್ಯಾಸ ಈ ದೃಷ್ಟಿಯಿಂದ ಹುಟ್ಟಿದುದು.

ಪ್ರಾರಂಭದ ತರಗತಿಗಳಲ್ಲಿ ಚುರುಕಾಗಿ ಕಂಡ ವಿದ್ಯಾರ್ಥಿಗೆ ಫಾಸ್ಟರನು ಎರಡು ಕೆಲಸಗಳನ್ನು ಒಟ್ಟಿಗೆ ವಹಿಸುತ್ತಿದ್ದನು. ಒಂದು, ಮುಂದಿನ ವರ್ಷದ ಕಿರಿಯರಿಗೆ ಪ್ರಯೋಗಗಳನ್ನು ಕಲಿಸುವುದು. ಇನ್ನೊಂದು, ಇನ್ನೂ ಬಿಡಿಸದ ಒಂದು ಪ್ರಶ್ನೆಯನ್ನು ಹಿಡಿದು ಸ್ವತಂತ್ರವಾಗಿ ಶೋಧಿಸುವುದು. ಹೀಗೆ ಕಲಿಯುವವನೇ ಕಲಿಸುವವನೂ ಶೋಧಿಸುವವನೂ ಆದನು. ಇಲ್ಲಿ ಲುಡ್ವಿಗನೊಡನೆ ಹೋಲಿಕೆ ಮಾಡುವುದು ಉಚಿತ. ಲೈಪ್ಸಿಗ್‌ಗೆ ಅನೇಕ ದೇಶಗಳಿಂದ ಇನ್ನೂರಕ್ಕೂ ಹೆಚ್ಚು ಮಂದಿ ಶಿಷ್ಯರು ಬಂದರು. ಲುಡ್ವಿಗನು ಪ್ರಶ್ನೆಯನ್ನು ತಾನೇ ಆರಿಸಿ, ಪ್ರಯೋಗದ ಬಹುಭಾಗವನ್ನು ತಾನೇ ನಡೆಸಿ, ಪ್ರಬಂಧವನ್ನೂ ಹೆಚ್ಚಾಗಿ ತಾನೇ ಬರೆದು, ಶಿಷ್ಯನ ಹೆಸರಿನಲ್ಲಿ ಪ್ರಕಟಿಸುತ್ತಿದ್ದನು. ಅದು ಅಸಾಧಾರಣ ಔದಾರ್ಯವೆಂಬುದು ನಿಜ. ಆದರೆ ಫಾಸ್ಟರನ ಔದಾರ್ಯ ಬೇರೆ ಬಗೆಯದು. ಆತನು ಪ್ರಶ್ನೆಯನ್ನು ಕೊಟ್ಟು ದೂರ ಸರಿದನು. ಉತ್ತರವು ತನ್ನ ನಿರೀಕ್ಷೆಗೆ ವಿರುದ್ಧವಾದರೂ ಅದು ಶಿಷ್ಯನ ಉತ್ತರವಾಗಬೇಕೆಂಬುದು ಆತನ ನಿಲುವು.

೪

ಈ ಕ್ರಮದ ಫಲವನ್ನು ಹೃದಯಬಡಿತದ ಪ್ರಶ್ನೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ದೇಹದಿಂದ ಹೊರತೆಗೆದ ಕಪ್ಪೆಯ ಹೃದಯವೂ ಬಹಳ ಹೊತ್ತು ಮಿಡಿಯುತ್ತಿರುತ್ತದೆ. ಈ ಮಿಡಿತದ ಮೂಲವೆಲ್ಲಿ? ಕಪ್ಪೆಯ ಹೃದಯದ ಗೋಡೆಯಲ್ಲಿ ಸಣ್ಣ ಸಣ್ಣ ನರಗಂಟುಗಳಿರುವುದನ್ನು ಜರ್ಮನ್ ವಿದ್ವಾಂಸರು ಕಂಡುಹಿಡಿದಿದ್ದರು. ಈ ಗಂಟುಗಳೇ ಸ್ನಾಯುವಿಗೆ ಆಜ್ಞೆ ಕೊಡುತ್ತವೆಂಬುದು ಅಂದು ಬಲವಾಗಿದ್ದ ವಾದ. ಆದರೆ ಫಾಸ್ಟರನು ೧೮೫೯ರಲ್ಲೇ ನೋಡಿದ ಬಸವನಹುಳುವಿನ ಹೃದಯದ ತುಂಡುಗಳು ಬೇರೆ ಕಥೆಯನ್ನು ಹೇಳುತ್ತಿದ್ದುವು. ಎಲ್ಲಿ ಕತ್ತರಿಸಿದರೂ ಪ್ರತಿ ತುಂಡೂ ಮಿಡಿಯುವುದಾದರೆ ಲಯವು ಯಾವುದೋ ಒಂದೆಡೆಯ ಗಂಟಿನಲ್ಲಿರಲಾರದು, ಹೃದಯದ ಧಾತುವಿನಲ್ಲೇ ಹರಡಿರಬೇಕು.

೧೮೭೫-೭೬ರಲ್ಲಿ ಡ್ಯೂ-ಸ್ಮಿತ್ ಎಂಬ ಶಿಷ್ಯನೊಡನೆ ಫಾಸ್ಟರನು ಈ ಪ್ರಶ್ನೆಗೆ ಮರಳಿದನು. ಬಸವನಹುಳು ಮತ್ತು ಕಪ್ಪೆಗಳ ಹೃದಯಗಳ ಮೇಲೆ ವಿದ್ಯುತ್ಪ್ರವಾಹದ ಪರಿಣಾಮವನ್ನು ಪರೀಕ್ಷಿಸಿದನು. ಆದರೆ ಪ್ರಶ್ನೆಯನ್ನು ಕೊನೆಮುಟ್ಟಿಸಿದವನು ಆತನಲ್ಲ, ವಾಲ್ಟರ್ ಗ್ಯಾಸ್ಕೆಲ್. ಗ್ಯಾಸ್ಕೆಲನು ಟ್ರಿನಿಟಿಯಲ್ಲಿ ಗಣಿತವನ್ನು ಓದಿ, ವೈದ್ಯನಾಗುವ ಉದ್ದೇಶದಿಂದ ಫಾಸ್ಟರನ ತರಗತಿಗೆ ಬಂದವನು. ಗುರುವಿನ ಸಲಹೆಯಂತೆ ೧೮೭೪ರಲ್ಲಿ ಲೈಪ್ಸಿಗ್‌ಗೆ ಹೋಗಿ ಲುಡ್ವಿಗನ ಬಳಿ ಪ್ರಯೋಗಕೌಶಲವನ್ನು ಕಲಿತುಬಂದನು. ಮುಂದೆ ಆಮೆಯ ಹೃದಯವನ್ನು ಆರಿಸಿಕೊಂಡು, ನರಗಂಟುಗಳಿಲ್ಲದ ಸ್ನಾಯುವಿನ ಪಟ್ಟಿಯೂ ಲಯಬದ್ಧವಾಗಿ ಮಿಡಿಯಬಲ್ಲದೆಂಬುದನ್ನು ತೋರಿಸಿದನು. ಸಂಕೋಚನದ ಅಲೆಯು ಅಭಿಧಮನಿಗಳು ಕೂಡುವೆಡೆಯಲ್ಲಿ ಹುಟ್ಟಿ, ಹೃತ್ಕರ್ಣಗಳನ್ನು ದಾಟಿ, ಹೃತ್ಕುಕ್ಷಿಗೆ ಸ್ನಾಯುವಿನ ಮೂಲಕವೇ ಹರಿಯುತ್ತದೆ. ದಾರಿಯಲ್ಲಿ ಸ್ನಾಯುವನ್ನು ಕತ್ತರಿಸುತ್ತ ಬಂದರೆ ಅಲೆಯು ತಡವಾಗುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಇದಕ್ಕೆ ಆತನು ಬಳಸಿದ ‘ಬ್ಲಾಕ್’ ಎಂಬ ಮಾತನ್ನು ಹೃದ್ರೋಗ ವೈದ್ಯರು ‘ಹಾರ್ಟ್ ಬ್ಲಾಕ್’ ಎಂದು ಈಗಲೂ ಬಳಸುತ್ತಾರೆ. ೧೮೮೨ ಮತ್ತು ೧೮೮೩ರ ಗ್ಯಾಸ್ಕೆಲನ ಪ್ರಬಂಧಗಳು ಹಳೆಯ ವಾದದ ಬುಡವನ್ನು ಅಲುಗಿಸಿದುವು. ಅಲೆಯು ಹುಟ್ಟುವ ಗಂಟನ್ನು ಕೀತ್ ಮತ್ತು ಫ್ಲ್ಯಾಕ್ ಎಂಬವರು ಸಸ್ತನಿಗಳ ಹೃದಯದಲ್ಲಿ ಗುರುತಿಸಿ ಪ್ರಕಟಿಸಿದುದು ೧೯೦೭ರಲ್ಲಿ, ಫಾಸ್ಟರನು ತೀರಿಕೊಂಡ ವರ್ಷದಲ್ಲಿಯೇ.

ಬಸವನಹುಳುವಿನಿಂದ ಆಮೆಯ ವರೆಗೆ ಇಪ್ಪತ್ತನಾಲ್ಕು ವರ್ಷಗಳ ಈ ಪಯಣದಲ್ಲಿ ಪ್ರಶ್ನೆ ಗುರುವಿನದು, ಉತ್ತರ ಶಿಷ್ಯನದು, ಕೀರ್ತಿಯೂ ಶಿಷ್ಯನದೇ. ಕೇಂಬ್ರಿಜ್ ಪಂಥವನ್ನು ವಿವರವಾಗಿ ಅಭ್ಯಸಿಸಿ ೧೯೭೮ರಲ್ಲಿ ಗ್ರಂಥವನ್ನು ಪ್ರಕಟಿಸಿದ ಅಮೆರಿಕದ ಚರಿತ್ರಕಾರ ಜೆರಾಲ್ಡ್ ಗೈಸನ್ನನು, ಹೃದಯಬಡಿತದ ಈ ಒಂದೇ ಪ್ರಶ್ನೆಯು ಆ ಪಂಥವನ್ನು ಹೇಗೆ ಒಂದುಗೂಡಿಸಿತೆಂಬುದನ್ನು ಎತ್ತಿತೋರಿಸಿದ್ದಾನೆ. ಆದುದರಿಂದ ಫಾಸ್ಟರನು ಸಂಶೋಧಕನಲ್ಲವೆಂಬ ಮಾತು ಅರ್ಧಸತ್ಯ. ಆತನ ಸಂಶೋಧನೆ ನಿಲ್ಲಲಿಲ್ಲ, ಕೈ ಬದಲಾಯಿಸಿತು.

೫

ಶಿಷ್ಯರನ್ನು ಗುರುತಿಸುವುದರಲ್ಲಿ ಫಾಸ್ಟರನ ಕಣ್ಣು ತೀಕ್ಷ್ಣವಾಗಿತ್ತು. ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿಯು ಸೇಂಟ್ ಜಾನ್ಸ್ ಕಾಲೇಜಿಗೆ ೧೮೭೧ರಲ್ಲಿ ಬಂದಾಗ ಆತನ ಗುರಿ ಇಂಡಿಯನ್ ಸಿವಿಲ್ ಸರ್ವಿಸ್. ಓದುತ್ತಿದ್ದುದು ಗಣಿತ ಮತ್ತು ಚರಿತ್ರೆ. ಫಾಸ್ಟರನ ಪ್ರಭಾವದಿಂದ ಎರಡು ವರ್ಷಗಳಲ್ಲೇ ಆತನು ನಿಸರ್ಗವಿಜ್ಞಾನಕ್ಕೆ ತಿರುಗಿದನು. ಇಲ್ಲದಿದ್ದರೆ ಭಾರತದ ಯಾವುದೋ ಜಿಲ್ಲೆಯ ಕಂದಾಯದ ಕಡತಗಳಲ್ಲಿ ಆ ಪ್ರತಿಭೆ ಕಳೆದುಹೋಗುತ್ತಿತ್ತು. ೧೮೭೫ರಲ್ಲಿ ಫಾಸ್ಟರನು ದಕ್ಷಿಣ ಅಮೆರಿಕದ ಜಾಬೊರಾಂಡಿ ಎಂಬ ಗಿಡಮೂಲಿಕೆಯ ಸಾರವನ್ನು ಲ್ಯಾಂಗ್ಲಿಗೆ ಕೊಟ್ಟು, ಅದರ ಪರಿಣಾಮವನ್ನು ಪರೀಕ್ಷಿಸಲು ಹೇಳಿದನು. ಹೃದಯದಿಂದ ಜೊಲ್ಲಿನ ಗ್ರಂಥಿಗಳಿಗೆ, ಗ್ರಂಥಿಗಳಿಂದ ಅವುಗಳ ನರಗಳಿಗೆ, ಹೀಗೆ ಒಂದರಿಂದೊಂದಕ್ಕೆ ಸಾಗಿದ ಈ ಶೋಧನೆಯು ಮೂರು ದಶಕಗಳ ಕಾಲ ಮುಂದುವರಿಯಿತು. ನಮ್ಮ ಇಚ್ಛೆಗೆ ಒಳಪಡದೆ ಒಳ ಅಂಗಗಳನ್ನು ನಡೆಸುವ ನರಮಂಡಲಕ್ಕೆ ‘ಆಟೊನಾಮಿಕ್’ ಎಂಬ ಹೆಸರನ್ನು ೧೮೯೮ರಲ್ಲಿ ಇಟ್ಟವನು ಲ್ಯಾಂಗ್ಲಿ. ಔಷಧಗಳು ಜೀವಕೋಶದ ‘ಗ್ರಾಹಕ ದ್ರವ್ಯ’ದ ಮೇಲೆ ವರ್ತಿಸುತ್ತವೆಂಬ ಆತನ ೧೯೦೫ರ ಕಲ್ಪನೆಯು ಆಧುನಿಕ ಔಷಧಶಾಸ್ತ್ರದ ಅಡಿಗಲ್ಲುಗಳಲ್ಲೊಂದು.

ಫ್ರಾನ್ಸಿಸ್ ಮೇಟ್‌ಲ್ಯಾಂಡ್ ಬ್ಯಾಲ್ಫರನಿಗೆ ಫಾಸ್ಟರನು ತೋರಿಸಿದುದು ಕೋಳಿಮೊಟ್ಟೆಯೊಳಗಿನ ಭ್ರೂಣ. ಗುರುಶಿಷ್ಯರು ಕೂಡಿ ೧೮೭೪ರಲ್ಲಿ ಭ್ರೂಣಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದರು. ೧೮೮೨ರಲ್ಲಿ ಬ್ಯಾಲ್ಫರನಿಗಾಗಿಯೇ ವಿಶ್ವವಿದ್ಯಾಲಯವು ಒಂದು ಪೀಠವನ್ನು ನಿರ್ಮಿಸಿತು. ಕೆಲವೇ ತಿಂಗಳಲ್ಲಿ, ಮೂವತ್ತು ವಯಸ್ಸಿನ ಆ ತರುಣನು ಆಲ್ಪ್ಸ್ ಪರ್ವತಾರೋಹಣದಲ್ಲಿ ಬಿದ್ದು ಸತ್ತನು. ಲಂಡನ್ನಿನಿಂದ ಫಾಸ್ಟರನೊಡನೆ ಬಂದಿದ್ದ ನ್ಯೂಯೆಲ್ ಮಾರ್ಟಿನ್ ೧೮೭೬ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೊಸದಾಗಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಧ್ಯಾಪಕನಾಗಿ, ಕೇಂಬ್ರಿಜ್ ಕ್ರಮವನ್ನು ಅಟ್ಲಾಂಟಿಕ್ಕಿನ ಆಚೆಗೆ ಕೊಂಡೊಯ್ದನು. ಸಸ್ತನಿಯ ಹೃದಯವನ್ನು ಪ್ರತ್ಯೇಕಿಸಿ ಜೀವಂತವಾಗಿಟ್ಟು ಪರೀಕ್ಷಿಸುವ ವಿಧಾನ ಆತನ ಕೊಡುಗೆ. ಆದರೆ ಮದ್ಯದ ಚಟವು ಆತನನ್ನು ಹಾಳುಮಾಡಿತು. ೧೮೯೩ರಲ್ಲಿ ಪೀಠವನ್ನು ಬಿಟ್ಟು ೧೮೯೬ರಲ್ಲಿ ಮರಣಹೊಂದಿದನು. ಒಳ್ಳೆಯ ಗುರುವಿನ ಎಲ್ಲ ಶಿಷ್ಯರೂ ಸುಖವಾಗಿ ದಡ ಸೇರುತ್ತಾರೆಂಬ ನಿಯಮವಿಲ್ಲ.

ಕಿರಿಯರ ಪೈಕಿ ಚಾರ್ಲ್ಸ್ ಷೆರಿಂಗ್‌ಟನ್ನನ ಸಂಬಂಧದಲ್ಲಿ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ತನ್ನ ಪಠ್ಯಗ್ರಂಥದ ಏಳನೆಯ ಆವೃತ್ತಿಯಲ್ಲಿ ನರಮಂಡಲದ ಭಾಗವನ್ನು ಪರಿಷ್ಕರಿಸಲು ಫಾಸ್ಟರನು ಈ ಹಳೆಯ ವಿದ್ಯಾರ್ಥಿಯನ್ನು ಕೇಳಿದನು. ಒಂದು ನರಕೋಶವು ಇನ್ನೊಂದನ್ನು ಸಂಧಿಸುವ ಎಡೆಗೆ ಹೆಸರು ಬೇಕಾಗಿತ್ತು. ಷೆರಿಂಗ್‌ಟನ್ನನು ‘ಸಿಂಡೆಸ್ಮ್’ ಎಂಬ ಪದವನ್ನು ಸೂಚಿಸಿದನು. ಫಾಸ್ಟರನು ಟ್ರಿನಿಟಿಯ ಗ್ರೀಕ್ ಪಂಡಿತನಾದ ವೆರಾಲನನ್ನು ವಿಚಾರಿಸಿದನು. ವೆರಾಲನು ‘ಸಿನಾಪ್ಸ್’ ಎಂಬುದನ್ನು ಸೂಚಿಸಿದನು. ೧೮೯೭ರಲ್ಲಿ ಹೀಗೆ ಅಚ್ಚಾದ ಆ ಪದವು ಜಗತ್ತಿನ ಎಲ್ಲ ವಿಜ್ಞಾನಭಾಷೆಗಳಲ್ಲೂ ಇಂದು ಬಳಕೆಯಲ್ಲಿದೆ. ಗುರುವು ತನ್ನ ಗ್ರಂಥದೊಳಗೆ ಶಿಷ್ಯನಿಗೆ ಎಡೆಮಾಡಿಕೊಟ್ಟುದರಿಂದ ಆ ಪದಕ್ಕೆ ಜನ್ಮವಾಯಿತು.

ಹೊರಗಿನವರನ್ನೂ ಫಾಸ್ಟರನು ಕರೆತಂದನು. ೧೮೯೩ರಲ್ಲಿ ಜ್ಞಾನೇಂದ್ರಿಯಗಳ ವಿಷಯವನ್ನು ಬೋಧಿಸಲು ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ವೈದ್ಯನನ್ನೂ, ೧೮೯೮ರಲ್ಲಿ ರಾಸಾಯನಿಕ ಶರೀರಕ್ರಿಯಾಶಾಸ್ತ್ರಕ್ಕಾಗಿ ಫ್ರೆಡರಿಕ್ ಗೌಲಂಡ್ ಹಾಪ್‌ಕಿನ್ಸನನ್ನೂ ಆಹ್ವಾನಿಸಿದನು. ಹಾಪ್‌ಕಿನ್ಸನಿಗೆ ದೊರೆತ ವಾರ್ಷಿಕ ವೇತನ ೨೦೦ ಪೌಂಡು ಮಾತ್ರ. ಜೀವನೋಪಾಯಕ್ಕಾಗಿ ಹೆಚ್ಚಿನ ಬೋಧನೆಯ ಹೊರೆಯನ್ನು ಹೊತ್ತು ಆತನ ಆರೋಗ್ಯ ೧೯೧೦ರಲ್ಲಿ ಕುಸಿಯಿತು. ಆಗ ಟ್ರಿನಿಟಿ ಕಾಲೇಜು ಆತನನ್ನು ಜೀವರಸಾಯನಶಾಸ್ತ್ರದ ಪ್ರೀಲೆಕ್ಟರನನ್ನಾಗಿ ಮಾಡಿ ಉಳಿಸಿಕೊಂಡಿತು. ನಲವತ್ತು ವರ್ಷಗಳ ಹಿಂದೆ ಫಾಸ್ಟರನನ್ನು ಕರೆತಂದ ಉಪಾಯವೇ ಮತ್ತೊಮ್ಮೆ ಫಲಿಸಿತು. ಆಹಾರದಲ್ಲಿನ ಸೂಕ್ಷ್ಮ ಪೋಷಕಾಂಶಗಳನ್ನು ಕುರಿತ, ಮುಂದೆ ಜೀವಸತ್ತ್ವಗಳ ಜ್ಞಾನಕ್ಕೆ ದಾರಿಮಾಡಿದ ಪ್ರಬಂಧವನ್ನು ಹಾಪ್‌ಕಿನ್ಸನು ೧೯೧೨ರಲ್ಲಿ ಪ್ರಕಟಿಸಿದನು.

೬

ವಿದ್ಯಾರ್ಥಿಯನ್ನು ರೂಪಿಸಿದರೆ ಸಾಲದು, ಆತನು ನಿಲ್ಲಲು ನೆಲವೂ ಬೇಕೆಂಬುದನ್ನು ಹಂಟಿಂಗ್ಡನ್ನಿನ ವೈದ್ಯವೃತ್ತಿಯ ವರ್ಷಗಳು ಫಾಸ್ಟರನಿಗೆ ಕಲಿಸಿದ್ದುವು. ಆದುದರಿಂದ ಆತನ ಅಧ್ಯಾಪನವು ತರಗತಿಯ ಹೊರಗೂ ಹಬ್ಬಿತು. ೧೮೭೪ರಲ್ಲಿ ಶಾಲಾಬಾಲಕರಿಗಾಗಿ ಶರೀರಕ್ರಿಯಾಶಾಸ್ತ್ರದ ಕಿರುಹೊತ್ತಗೆಯನ್ನು, ೧೮೭೬ರಲ್ಲಿ ಲ್ಯಾಂಗ್ಲಿಯೊಡನೆ ಪ್ರಯೋಗಗಳ ಕೈಪಿಡಿಯನ್ನು, ೧೮೭೭ರಲ್ಲಿ ಪ್ರಸಿದ್ಧವಾದ ಪಠ್ಯಗ್ರಂಥವನ್ನು ಬರೆದನು. ಇತ್ಯರ್ಥವಾಗದ ವಿಷಯಗಳನ್ನು ಇತ್ಯರ್ಥವಾದಂತೆ ಬರೆಯದೆ, ಎರಡು ಪಕ್ಷಗಳ ಪ್ರಮಾಣಗಳನ್ನೂ ತೂಗಿನೋಡುವುದು ಆ ಗ್ರಂಥದ ವೈಶಿಷ್ಟ್ಯ. ಅದನ್ನು ಓದಿದ ವಿದ್ಯಾರ್ಥಿಗೆ ಶಾಸ್ತ್ರವು ಮುಗಿದ ಕಟ್ಟಡವಾಗಿ ತೋರದೆ, ತಾನೂ ಕಲ್ಲೊಂದನ್ನು ಇಡಬಹುದಾದ ಕಟ್ಟಡವಾಗಿ ತೋರುತ್ತಿತ್ತು. ಶರೀರಕ್ರಿಯಾಶಾಸ್ತ್ರಕ್ಕೇ ಮೀಸಲಾದ ‘ಜರ್ನಲ್ ಆಫ್ ಫಿಸಿಯಾಲಜಿ’ ಪತ್ರಿಕೆಯನ್ನು ೧೮೭೮ರಲ್ಲಿ ಆರಂಭಿಸಿದುದು, ಶಿಷ್ಯರ ಪ್ರಬಂಧಗಳು ಜರ್ಮನ್ ಪತ್ರಿಕೆಗಳ ಬಾಗಿಲಲ್ಲಿ ಕಾಯಬೇಕಾಗದಿರಲೆಂದು. ಸ್ಥಿತಿವಂತನಾದ ಡ್ಯೂ-ಸ್ಮಿತ್ ಅದಕ್ಕೆ ಹಣದ ನೆರವು ನೀಡಿದನು. ಆದರೂ ಪತ್ರಿಕೆಯು ನಷ್ಟಕ್ಕೆ ಸಿಲುಕಿ, ೧೮೯೪ರಲ್ಲಿ ಲ್ಯಾಂಗ್ಲಿಯು ಅದರ ಹೊಣೆಯನ್ನು ವಹಿಸಿಕೊಳ್ಳಬೇಕಾಯಿತು.

ಸಾಹಿತ್ಯಪ್ರಿಯರಿಗೆ ಆಸಕ್ತಿಕರವಾದ ಒಂದು ಸಂಗತಿಯೂ ಇಲ್ಲಿದೆ. ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ಟಳ ಜೀವನಸಂಗಾತಿ ಜಾರ್ಜ್ ಹೆನ್ರಿ ಲೂಯಿಸನು ಶರೀರಕ್ರಿಯಾಶಾಸ್ತ್ರದಲ್ಲಿ ಆಳವಾದ ಅಭಿರುಚಿಯುಳ್ಳವನಾಗಿದ್ದನು. ೧೮೭೮ರಲ್ಲಿ ಆತನು ತೀರಿಕೊಂಡಾಗ ಆಕೆ ಫಾಸ್ಟರನೊಡನೆ ಸಮಾಲೋಚಿಸಿ, ೫,೦೦೦ ಪೌಂಡುಗಳ ನಿಧಿಯಿಂದ ಆತನ ಹೆಸರಿನಲ್ಲಿ ಸಂಶೋಧನ ವೇತನವೊಂದನ್ನು ಸ್ಥಾಪಿಸಿದಳು. ಷೆರಿಂಗ್‌ಟನ್ ಮತ್ತು ಹೆನ್ರಿ ಡೇಲ್ ಇಬ್ಬರೂ ತಾರುಣ್ಯದಲ್ಲಿ ಆ ವೇತನವನ್ನು ಪಡೆದವರು.

ಈ ಬೆಳವಣಿಗೆಗೆ ಎದುರಾಳಿಗಳಿಲ್ಲದಿರಲಿಲ್ಲ. ೧೮೭೩ರಲ್ಲಿ ಬರ್ಡನ್ ಸ್ಯಾಂಡರ್ಸನ್ನನ ಸಂಪಾದಕತ್ವದಲ್ಲಿ, ಫಾಸ್ಟರನೂ ಸೇರಿ ನಾಲ್ವರು ಬರೆದ ಪ್ರಯೋಗಶಾಲೆಯ ಕೈಪಿಡಿಯೊಂದು ಹೊರಬಂದಿತು. ಪ್ರಾಣಿಗಳಿಗೆ ನೋವು ತಿಳಿಯದಂತೆ ಅರಿವಳಿಕೆ ಕೊಡಬೇಕೆಂಬ ಮಾತನ್ನು ಅದರಲ್ಲಿ ಸ್ಪಷ್ಟವಾಗಿ ಹೇಳದೆ ಬಿಟ್ಟುದು ದೊಡ್ಡ ಲೋಪ. ಜೀವಂತ ಪ್ರಾಣಿಗಳ ಮೇಲಣ ಪ್ರಯೋಗಗಳನ್ನು ವಿರೋಧಿಸುತ್ತಿದ್ದವರಿಗೆ ಅದು ಆಯುಧವಾಯಿತು. ವಾದವಿವಾದದ ಪರಿಣಾಮವಾಗಿ ೧೮೭೬ರಲ್ಲಿ, ಇಂಥ ಪ್ರಯೋಗಕ್ಕೆ ಸರ್ಕಾರದ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾನೂನು ಜಾರಿಗೆ ಬಂದಿತು. ಅದೇ ವರ್ಷ ಶರೀರಕ್ರಿಯಾಶಾಸ್ತ್ರಜ್ಞರು ಫಿಸಿಯಲಾಜಿಕಲ್ ಸೊಸೈಟಿಯನ್ನು ಕಟ್ಟಿಕೊಂಡರು. ಅದರ ಸ್ಥಾಪಕರಲ್ಲಿ ಫಾಸ್ಟರನು ಪ್ರಮುಖ. ಜನರ ಮನಸ್ಸಿನ ಅಳುಕನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲವೆಂಬುದನ್ನು ವಿಜ್ಞಾನಿಗಳು ಈ ಪೆಟ್ಟಿನಿಂದ ಕಲಿಯಬೇಕಾಯಿತು.

೭

ಈ ಪರಂಪರೆಯ ಎರಡು ಎಳೆಗಳು ಭಾರತವನ್ನೂ ಮುಟ್ಟುತ್ತವೆ. ಜಗದೀಶಚಂದ್ರ ಬೋಸರು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಓದಿ ೧೮೮೪ರಲ್ಲಿ ಪದವಿ ಪಡೆದವರು. ಅಲ್ಲಿ ರ್‍ಯಾಲೆಯ ಭೌತವಿಜ್ಞಾನದ ಜೊತೆಗೆ ಫಾಸ್ಟರನ ಉಪನ್ಯಾಸಗಳನ್ನೂ ಕೇಳಿದ್ದರು. ೧೯೦೧ರಲ್ಲಿ ಬೋಸರು ಲಂಡನ್ನಿನಲ್ಲಿದ್ದಾಗ, ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಫಾಸ್ಟರನು ಅವರ ಪ್ರಯೋಗವನ್ನು ನೋಡಲು ಹೋದನು. ಬೋಸರು ತೋರಿಸಿದ ವಕ್ರರೇಖೆಯನ್ನು ಕಂಡು, ಇದರಲ್ಲಿ ಹೊಸದೇನಿದೆ, ಸ್ನಾಯುವಿನ ಪ್ರತಿಕ್ರಿಯೆಯ ಈ ರೇಖೆ ಬಹುಕಾಲದಿಂದ ತಿಳಿದದ್ದೇ ಅಲ್ಲವೆ ಎಂದು ಕೇಳಿದನಂತೆ. ಅದು ಸ್ನಾಯುವಿನದಲ್ಲ, ತವರವೆಂಬ ಲೋಹದ ರೇಖೆಯೆಂದು ಬೋಸರು ತಿಳಿಸಿದಾಗ ಆತನು ಬೆರಗಾಗಿ, ಅದನ್ನು ಸೊಸೈಟಿಯ ಮುಂದೆ ಮಂಡಿಸಲು ಕೂಡಲೆ ಆಹ್ವಾನಿಸಿದನು. ಈ ಪ್ರಸಂಗವನ್ನು ಬೋಸರ ಜೀವನಚರಿತ್ರೆಯಲ್ಲಿ ದಾಖಲಿಸಿದವನು ಪ್ಯಾಟ್ರಿಕ್ ಗೆಡ್ಡಿಸ್. ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಸಮಾಜಶಾಸ್ತ್ರ ಪ್ರಾಧ್ಯಾಪಕನಾದವನು ಈತನೇ. ಆ ಸಭೆಯಲ್ಲಿ ಬರ್ಡನ್ ಸ್ಯಾಂಡರ್ಸನ್ ಮೊದಲಾದ ಹಿರಿಯರ ವಿರೋಧವನ್ನು ಬೋಸರು ಎದುರಿಸಬೇಕಾಯಿತೆಂಬುದೂ, ಅವರ ತೀರ್ಮಾನಗಳನ್ನು ಶರೀರಕ್ರಿಯಾಶಾಸ್ತ್ರಜ್ಞರು ಸುಲಭವಾಗಿ ಒಪ್ಪಲಿಲ್ಲವೆಂಬುದೂ ನಿಜ. ಆದರೆ ಹಳೆಯ ವಿದ್ಯಾರ್ಥಿಯ ಮಾತನ್ನು ಕೇಳುವ ಮುನ್ನವೇ ಬಾಗಿಲು ಮುಚ್ಚದಿದ್ದುದು ಫಾಸ್ಟರನ ಗುಣ.

ಎರಡನೆಯ ಎಳೆ ಕನ್ನಡದ ನೆರೆಗೇ ಬರುತ್ತದೆ. ಫಾಸ್ಟರನು ಕರೆತಂದ ರಿವರ್ಸನು ೧೮೯೮ರಲ್ಲಿ ಟಾರೆಸ್ ಜಲಸಂಧಿಗೆ ಹೋದ ಕೇಂಬ್ರಿಜ್ ತಂಡವನ್ನು ಸೇರಿ, ಅಲ್ಲಿನ ಜನರ ದೃಷ್ಟಿ ಮೊದಲಾದ ಇಂದ್ರಿಯಶಕ್ತಿಗಳನ್ನು ಅಳೆದನು. ಅಲ್ಲಿಂದಲೇ ಆತನಿಗೆ ವಂಶಾವಳಿಗಳ ಅಧ್ಯಯನದ ವಿಧಾನ ಹೊಳೆಯಿತು. ೧೯೦೧-೦೨ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಅದೇ ಕ್ರಮದಲ್ಲಿ ಕೆಲಸಮಾಡಿ ೧೯೦೬ರಲ್ಲಿ ಪ್ರಕಟಿಸಿದ ಗ್ರಂಥವು ಮಾನವಶಾಸ್ತ್ರದಲ್ಲಿ ಪ್ರಮಾಣಗ್ರಂಥವಾಯಿತು. ತೋಡರಿಗೂ ಅವರ ನೆರೆಯವರಾದ ಬಡಗರಿಗೂ ಇದ್ದ ಕೊಡುಕೊಳೆಯ ಸಂಬಂಧವನ್ನು ಆ ಗ್ರಂಥ ವಿವರಿಸುತ್ತದೆ. ಬಡಗರ ನುಡಿ ಕನ್ನಡಕ್ಕೆ ಅತಿ ಸಮೀಪದ್ದೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಶರೀರಕ್ರಿಯಾಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲಿತ ಎಚ್ಚರದ ಅವಲೋಕನವು ಹೀಗೆ ನೀಲಗಿರಿಯ ಹಟ್ಟಿಗಳ ವರೆಗೂ ನಡೆದುಬಂದಿತು.

೮

ಈ ಎಲ್ಲಕ್ಕೂ ಬೆಲೆಯನ್ನು ತೆರದೆ ಇರಲಾಗಲಿಲ್ಲ. ೧೮೮೧ರಿಂದ ೧೯೦೩ರ ವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿ ಪದವಿ, ಸರ್ಕಾರದ ಆಯೋಗಗಳು, ೧೮೮೯ರಲ್ಲಿ ಬಾಸೆಲ್‌ನಲ್ಲಿ ಮೊದಲುಗೊಂಡ ಅಂತರರಾಷ್ಟ್ರೀಯ ಶರೀರಕ್ರಿಯಾಶಾಸ್ತ್ರ ಸಮ್ಮೇಳನಗಳು, ಇವು ಫಾಸ್ಟರನ ಕಾಲವನ್ನು ನುಂಗಿದುವು. ೧೯೦೦ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟನ್ನು ಸೇರಿದ ಮೇಲೆ ಪ್ರಯೋಗಶಾಲೆಯ ಭಾರವೆಲ್ಲ ಲ್ಯಾಂಗ್ಲಿಯ ಹೆಗಲಿಗೆ ಬಿದ್ದಿತು. ೧೯೦೩ರಲ್ಲಿ ಫಾಸ್ಟರನು ಪೀಠವನ್ನು ಬಿಟ್ಟಾಗ ಲ್ಯಾಂಗ್ಲಿಯೇ ಉತ್ತರಾಧಿಕಾರಿಯಾದನು. ರಾಜಕೀಯದಲ್ಲಿ ಫಾಸ್ಟರನು ವಿಶೇಷವಾದುದನ್ನು ಸಾಧಿಸಲಿಲ್ಲ; ೧೯೦೬ರ ಚುನಾವಣೆಯಲ್ಲಿ ಸೋತು, ೧೯೦೭ರ ಜನವರಿಯಲ್ಲಿ ತೀರಿಕೊಂಡನು. ಕೊನೆಯ ದಶಕದಲ್ಲಿ ಆತನು ಸಮಿತಿಗಳಿಗೆ ಕೊಟ್ಟ ಕಾಲವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರೆ ಲೇಸಾಗುತ್ತಿತ್ತೆಂಬ ಟೀಕೆಗೆ ಆಧಾರವಿಲ್ಲದಿಲ್ಲ.

ಫಾಸ್ಟರನಿಗೆ ಅನುಕೂಲಗಳೂ ಇದ್ದುವೆಂಬುದನ್ನು ಮರೆಯಬಾರದು. ಟ್ರಿನಿಟಿಯಂತಹ ಸಿರಿವಂತ ಕಾಲೇಜು ಬೆನ್ನಿಗಿತ್ತು. ಬ್ಯಾಲ್ಫರ್, ಗ್ಯಾಸ್ಕೆಲ್, ಡ್ಯೂ-ಸ್ಮಿತ್ ಮುಂತಾದ ಶಿಷ್ಯರು ಸಂಬಳವನ್ನು ನೆಚ್ಚದೆ ದುಡಿಯಬಲ್ಲ ಮನೆತನಗಳವರು. ಬಡ ವಿದ್ಯಾಪೀಠವೊಂದರಲ್ಲಿ ಇದೇ ಗುಣಗಳ ಅಧ್ಯಾಪಕನು ಇದೇ ಫಲವನ್ನು ಕಾಣುತ್ತಿದ್ದನೆಂದು ಹೇಳಲಾಗದು. ಹಾಪ್‌ಕಿನ್ಸನ ಕಷ್ಟವೇ ಇದಕ್ಕೆ ನಿದರ್ಶನ.

ಹೀಗಿದ್ದರೂ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಸಂಶೋಧನೆಯಲ್ಲಿ ಸೋತು ಅಧ್ಯಾಪನಕ್ಕೆ ಸರಿದವನು ತನ್ನ ಪ್ರಿಯವಾದ ಪ್ರಶ್ನೆಯನ್ನು ಇತರರ ಕೈಗೆ ಕೊಡುವುದಿಲ್ಲ. ಕೊಟ್ಟರೂ ಉತ್ತರದಲ್ಲಿ ಪಾಲು ಕೇಳುತ್ತಾನೆ. ಫಾಸ್ಟರನು ಕೊಟ್ಟನು, ಪಾಲು ಕೇಳಲಿಲ್ಲ. ಆತನು ಕರೆತಂದ ಹಾಪ್‌ಕಿನ್ಸನಿಗೆ ೧೯೨೯ರಲ್ಲಿ, ಆತನ ವಿದ್ಯಾರ್ಥಿ ಷೆರಿಂಗ್‌ಟನ್ನನಿಗೆ ೧೯೩೨ರಲ್ಲಿ, ಆತನ ಪ್ರಯೋಗಶಾಲೆಯಲ್ಲಿ ಬೆಳೆದ ಡೇಲನಿಗೆ ೧೯೩೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲ್ಯಾಂಗ್ಲಿಯ ಕಾಲದಲ್ಲಿ ಅಲ್ಲಿಯೇ ತರಬೇತಾದ ಎ. ವಿ. ಹಿಲ್ ಮತ್ತು ಏಡ್ರಿಯನ್ನರಿಗೆ ಅದು ದೊರೆತುದು ಕ್ರಮವಾಗಿ ೧೯೨೨ ಮತ್ತು ೧೯೩೨ರಲ್ಲಿ. ಸ್ನಾಯು, ನರ, ಆಹಾರ, ಔಷಧ ಎಂಬ ಈ ಬೇರೆ ಬೇರೆ ಶೋಧನೆಗಳಲ್ಲಿ ಒಂದಾದರೂ ಫಾಸ್ಟರನದಲ್ಲ. ಆದರೆ ೧೮೭೦ರಲ್ಲಿ ಎರವಲು ಸ್ಥಳದಲ್ಲಿ ಆರಂಭವಾದ ಆ ತರಗತಿಯಿಲ್ಲದೆ ಕೇಂಬ್ರಿಜ್ಜಿನಲ್ಲಿ ಇವುಗಳಿಗೆ ತಾವು ದೊರೆಯುತ್ತಿರಲಿಲ್ಲ. ಅಧ್ಯಾಪಕರನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯುವ ವಿದ್ಯಾಪೀಠಗಳು ಈ ಒಂದು ಜೀವನವನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂಬುದನ್ನು ಇನ್ನೂ ನಿರ್ಧರಿಸಬೇಕಾಗಿದೆ.